ಕೈಯಲ್ಲಿ ಬರೆದ ಪುಟ, ಕಣ್ಣಿಗೆ ಕಂಡ ಪುಟ



ಕಳೆದ ದೀಪಾವಳಿಯ ಹೊತ್ತಿಗೆ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ದೂರವಾಣಿ ಮಾಡಿದಳು. ಕುಕ್ಕುವಾಡದ ನಮ್ಮ ಶಾಲೆಯಲ್ಲಿ ಬಹುಕಾಲ ಜವಾನರಾಗಿದ್ದ ಹಿರಿಯರೊಬ್ಬರ ಮೊಮ್ಮಗಳು ಆಕೆ. ಗಂಟೆ ಬಾರಿಸುವುದರಿಂದ ಹಿಡಿದು ಪರೀಕ್ಷೆಯ ದಿನ ಹೆದರಿ ಅಳುವ ಮಕ್ಕಳಿಗೆ ನೀರು ಕುಡಿಸುವವರೆಗೆ ಎಲ್ಲವನ್ನೂ ಮಾಡುತ್ತಿದ್ದ ಅವರನ್ನು ನಿಮ್ಮಲ್ಲಿ ಅನೇಕರು ಮರೆತಿರಲಾರಿರಿ. "ಸಾರ್, ನಮ್ಮಜ್ಜ ಹೇಳಿದ್ದನ್ನೆಲ್ಲ ನೀವು ಕಂಪ್ಯೂಟರಿನಾಗೆ ಬರೆದು ಇಟ್ಟಿದ್ರಂತೆ. ಅಪ್ಪಾಜಿ ಹೇಳ್ತಿದ್ರು. ಅದು ಇನ್ನೂ ಐತಾ ಸಾರ್?" ಎಂದು ಕೇಳಿದಳು. "ಐತಮ್ಮ, ಹುಡುಕಿ ಕಳಿಸ್ತೀನಿ" ಎಂದು ಧೈರ್ಯವಾಗಿಯೇ ಹೇಳಿದೆ. ಆ ಮಾತನ್ನು ಉಳಿಸಿಕೊಳ್ಳಲು ನನಗೆ ಆರು ತಿಂಗಳು ಬೇಕಾಯಿತು. ಉಳಿಸಿಕೊಂಡದ್ದೂ ಪೂರ್ತಿಯಾಗಿ ಅಲ್ಲ. ಅದರ ಕಾರಣವನ್ನು ಹೇಳುವುದಕ್ಕಾಗಿ ಈ ಬರಹ. ಇದರಲ್ಲಿ ಸ್ವಲ್ಪ ಇತಿಹಾಸವಿದೆ, ಸ್ವಲ್ಪ ನನ್ನ ತಪ್ಪೊಪ್ಪಿಗೆಯಿದೆ, ಕೊನೆಯಲ್ಲಿ ನಿಮ್ಮಿಂದ ಒಂದು ಬೇಡಿಕೆಯೂ ಇದೆ.

ಮೊದಲು ಒಂದು ಹಳೆಯ ಸಂಗತಿ. ಕನ್ನಡದ ಮೊದಲ ಪತ್ರಿಕೆಯೆಂದು ಪ್ರಸಿದ್ಧವಾದ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟಿತು. ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಅದನ್ನು ಅಚ್ಚುಮೊಳೆಗಳಿಂದ ಮುದ್ರಿಸಲಿಲ್ಲ, ಕಲ್ಲಚ್ಚಿನಲ್ಲಿ ಮುದ್ರಿಸಿದರು. ಕಲ್ಲಚ್ಚಿನಲ್ಲಿ ಇಡೀ ಪುಟವನ್ನು ಕೈಬರಹದಲ್ಲೇ ಕಲ್ಲಿನ ಮೇಲೆ ಮೂಡಿಸಿ, ಅದರ ಪಡಿಯಚ್ಚನ್ನು ಕಾಗದಕ್ಕೆ ಇಳಿಸುತ್ತಾರೆ. ಬರೆದದ್ದು ಹೇಗೆ ಕಾಣುತ್ತದೋ ಹಾಗೆಯೇ ಬರುತ್ತದೆ. ಮೊಳೆ ಜೋಡಿಸುವ ಮುದ್ರಣದ ಕ್ರಮವೇ ಬೇರೆ. ಅಲ್ಲಿ ಒಂದೊಂದು ಅಕ್ಷರಕ್ಕೂ ತನ್ನದೇ ಆದ ಮೊಳೆ, ತನ್ನದೇ ಆದ ಗೂಡು. ಕಲ್ಲಿಗೆ ಅದು 'ಕ' ಎಂದು ತಿಳಿಯದು, ಅದಕ್ಕೆ ಗೊತ್ತಿರುವುದು ಮಸಿಯ ಗೆರೆ ಮಾತ್ರ. ಮೊಳೆಯ ಪೆಟ್ಟಿಗೆಯಲ್ಲಾದರೋ 'ಕ' ಎಂಬುದು 'ಕ' ಆಗಿಯೇ ಇರುತ್ತದೆ. ಇಂದಿನ ಕೆಲಸ ಮುಗಿದ ಮೇಲೆ ನಾಳೆಯ ಕೆಲಸಕ್ಕೂ ಒದಗುತ್ತದೆ.

ದಾವಣಗೆರೆಯ ಮಂಡಿಪೇಟೆಯ ಕಡೆ ಒಂದು ಮುದ್ರಣಾಲಯಕ್ಕೆ ನಮ್ಮ ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಒಯ್ಯುತ್ತಿದ್ದಾಗ ಮೊಳೆ ಜೋಡಿಸುವವರ ಬೆರಳುಗಳನ್ನು ನೋಡುತ್ತಾ ನಿಂತುಬಿಡುತ್ತಿದ್ದೆ. ತಲೆಕೆಳಗಾದ, ಬಲದಿಂದ ಎಡಕ್ಕೆ ತಿರುಗಿದ ಅಕ್ಷರಗಳನ್ನು ಅವರು ನೇರವಾದ ಕನ್ನಡವನ್ನು ಓದುವಷ್ಟೇ ಸಲೀಸಾಗಿ ಓದುತ್ತಿದ್ದರು. ಪುಟವು ಹೇಗೆ ಕಾಣುತ್ತದೆ ಎಂಬುದೂ, ಅದರ ಒಳಗೆ ಏನಿದೆ ಎಂಬುದೂ ಎರಡು ಬೇರೆ ಸಂಗತಿಗಳು ಎಂಬ ಪಾಠವನ್ನು ಅಲ್ಲಿಯೇ ಕಲಿಯಬಹುದಾಗಿತ್ತು. ಆದರೆ ನಾನು ಕಲಿಯಲಿಲ್ಲ.

ಇನ್ನು ಅಂತರಜಾಲದ ವಿಷಯಕ್ಕೆ ಬರೋಣ. 1990ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ಜಾಲಪುಟದ ಪದ್ಧತಿಯನ್ನು ರೂಪಿಸಿದರು. ಪುಟದ ಬರಹಕ್ಕೆ 'ಇದು ಶೀರ್ಷಿಕೆ', 'ಇದು ಪರಿಚ್ಛೇದ', 'ಇದು ಬೇರೆ ಪುಟಕ್ಕೆ ಕೊಂಡಿ' ಎಂದು ಕೋನಾಕಾರದ ಆವರಣ ಚಿಹ್ನೆಗಳ ನಡುವೆ ಗುರುತು ಹಾಕುವ ಎಚ್‌ಟಿಎಮ್‌ಎಲ್ ಎಂಬ ಭಾಷೆ ಹೀಗೆ ಹುಟ್ಟಿತು. ಈ ಗುರುತುಗಳಿಗೆ ಟ್ಯಾಗ್ ಎಂದು ಹೆಸರು. ಸ್ವಾರಸ್ಯವೆಂದರೆ, ಜನರು ಈ ಟ್ಯಾಗುಗಳನ್ನು ಕೈಯಿಂದ ಬರೆಯಬೇಕೆಂಬುದು ಅವರ ಮೂಲ ಉದ್ದೇಶವಾಗಿರಲಿಲ್ಲ. ಅವರ ಮೊದಲ ತಂತ್ರಾಂಶದಲ್ಲಿ ಪುಟವನ್ನು ಓದಲೂ ಬಹುದಿತ್ತು, ಕಂಡಲ್ಲಿಯೇ ತಿದ್ದಲೂ ಬಹುದಿತ್ತು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಬಂದು ಲೋಕಪ್ರಿಯವಾದ ಮೊಸಾಯಿಕ್ ತಂತ್ರಾಂಶವು ಮುಖ್ಯವಾಗಿ ಓದುವುದಕ್ಕಷ್ಟೇ ಒದಗಿತು. ಬರೆಯಬೇಕಾದವರು ಸರಳವಾದ ನೋಟ್‌ಪ್ಯಾಡನ್ನೋ ಅಂಥದೇ ಇನ್ನೊಂದನ್ನೋ ತೆರೆದು ಟ್ಯಾಗುಗಳನ್ನು ಕೈಯಾರೆ ಬರೆಯತೊಡಗಿದರು. ಬೇರೆಯವರ ಪುಟದ ಮೂಲವನ್ನು ತೆರೆದು ನೋಡುವ ಸೌಲಭ್ಯವೂ ಇದ್ದುದರಿಂದ ಒಬ್ಬರನ್ನು ನೋಡಿ ಒಬ್ಬರು ಕಲಿತರು. ಹೊಲದ ಬದುವಿನ ಮೇಲೆ ನಿಂತು ಪಕ್ಕದವನ ಬೇಸಾಯವನ್ನು ನೋಡಿ ಕಲಿತಂತೆಯೇ ಸರಿ.

ಬಳಿಕ ಕಂಡಂತೆ ಕಟ್ಟುವ ತಂತ್ರಾಂಶಗಳು ಬಂದವು. 1995ರಲ್ಲಿ ವರ್ಮಿಯರ್ ಎಂಬ ಸಂಸ್ಥೆ ಫ್ರಂಟ್‌ಪೇಜನ್ನು ತಂದಿತು. 1996ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನೇ ಕೊಂಡುಕೊಂಡಿತು. 1997ರ ಡಿಸೆಂಬರಿನಲ್ಲಿ ಮ್ಯಾಕ್ರೋಮೀಡಿಯಾದವರ ಡ್ರೀಮ್‌ವೀವರ್ ಬಂದಿತು. ಪದಗಳನ್ನು ಬೇಕಾದಲ್ಲಿಡಿ, ಚಿತ್ರವನ್ನು ಎಳೆದು ಕೂರಿಸಿ, ಬಣ್ಣ ಬಳಿಯಿರಿ, ಟ್ಯಾಗುಗಳ ಗೊಡವೆ ನಮಗಿರಲಿ ಎಂಬುದು ಇವುಗಳ ಭರವಸೆ. ಕೈಯಿಂದ ಬರೆಯುವವರು ಇವನ್ನು ಹಗುರವಾಗಿ ಕಂಡರು. ತಂತ್ರಾಂಶದವರು ಕೈಬರಹದವರನ್ನು ಹಳಬರೆಂದು ನಕ್ಕರು. ಈ ಜಗಳ ಹತ್ತು ವರ್ಷ ನಡೆಯಿತು. ಇಂಗ್ಲಿಷಿನವರಿಗೆ ಅದು ಅನುಕೂಲದ, ಅಚ್ಚುಕಟ್ಟಿನ ಜಗಳ. ಯಾವ ದಾರಿಯಲ್ಲಿ ಹೋದರೂ ಅವರ 'ಎ' ಅಕ್ಷರವು 'ಎ' ಆಗಿಯೇ ಉಳಿಯುತ್ತಿತ್ತು. ನಮ್ಮ ಪಾಡು ಹಾಗಿರಲಿಲ್ಲ.

ನಾನು ನಿವೃತ್ತನಾದುದು 2002ರಲ್ಲಿ. ಆ ವರ್ಷ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಒಬ್ಬ ಶಿಷ್ಯ ವಿದ್ಯಾನಗರದ ಕಡೆಯ ಒಂದು ಸೈಬರ್ ಕೆಫೆಗೆ ನನ್ನನ್ನು ಕರೆದುಕೊಂಡು ಹೋದ. ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿ ಟ್ಯಾಗುಗಳನ್ನು ಬರೆಸಿದ. ಗಣಿತದ ಮೇಷ್ಟ್ರಾದ ನನಗೆ ಅದು ಬಹಳ ಹಿಡಿಸಿತು. ತೆರೆದ ಆವರಣವನ್ನು ಮುಚ್ಚಲೇಬೇಕು, ಒಳಗಿನದನ್ನು ಮೊದಲು ಮುಚ್ಚಿ ಹೊರಗಿನದನ್ನು ಆಮೇಲೆ ಮುಚ್ಚಬೇಕು. ಬೀಜಗಣಿತದಲ್ಲಿ ಇಷ್ಟು ವರ್ಷ ನಾನು ನಿಮಗೆ ಹೇಳಿ ಹೇಳಿ ಬೇಸರ ತರಿಸಿದ್ದು ಇದನ್ನೇ ಅಲ್ಲವೇ? ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಿ, ಊರಿನ ಬಗ್ಗೆ, ಸಕ್ಕರೆ ಕಾರ್ಖಾನೆಯಿಂದ ಆದ ಬದಲಾವಣೆಗಳ ಬಗ್ಗೆ, ಶಾಲೆಯ ಬಗ್ಗೆ ನಾಲ್ಕು ಪುಟಗಳನ್ನು ಕೈಯಾರೆ ಬರೆದೆ.

ಒಂದು ದಿನ ಅವನು ನನ್ನ ಪುಟದ ಮೂಲವನ್ನು ತೆರೆದು ತೋರಿಸಿದ. "ನೋಡ್ರಿ ಸಾರ್, ಮೇಲೆ ಕನ್ನಡ ಐತೆ, ಒಳಗಡೆ ಕನ್ನಡ ಇಲ್ಲ" ಎಂದ. ನಿಜವಾಗಿತ್ತು. ಆಗ ನಾವು ಬಳಸುತ್ತಿದ್ದುದು ನುಡಿ ತಂತ್ರಾಂಶದ ಅಕ್ಷರಶೈಲಿ. ಪರದೆಯ ಮೇಲೆ 'ಕನ್ನಡ' ಎಂದು ಮುದ್ದಾಗಿ ಕಾಣುತ್ತಿದ್ದ ಪದವು ಮೂಲದಲ್ಲಿ ಏಳು ಚಿಹ್ನೆಗಳಾಗಿತ್ತು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯುಳ್ಳ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೆ ಅದೇ ಎ. ಯುರೋಪಿನ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸಿದ್ದರು. ಅಕ್ಷರಶೈಲಿ ಇರುವ ಗಣಕದಲ್ಲಿ ವೇಷ ಕಾಣುತ್ತಿತ್ತು, ಇಲ್ಲದ ಗಣಕದಲ್ಲಿ ವೇಷ ಕಳಚಿ ಬೀಳುತ್ತಿತ್ತು.

ಇದನ್ನು ಯಾರ ತಪ್ಪೆಂದೂ ಹೇಳಲಾಗದು. ಆ ಕಾಲಕ್ಕೆ ಇದ್ದ ದಾರಿ ಅದೇ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನವರ ನುಡಿ ಇವುಗಳಿಲ್ಲದಿದ್ದರೆ ನಮ್ಮಂಥವರು ಗಣಕದಲ್ಲಿ ಒಂದು ಸಾಲನ್ನೂ ಬರೆಯುತ್ತಿರಲಿಲ್ಲ. ಡಾ. ಯು.ಬಿ. ಪವನಜ ಅವರು 1996ರಲ್ಲೇ 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ್ದರು. ಓದುಗರ ಗಣಕದಲ್ಲಿ ಅಕ್ಷರಶೈಲಿ ಇಲ್ಲದಿದ್ದರೂ ಪುಟದ ಜೊತೆಗೇ ಅದು ಇಳಿದು ಬರುವ ಚಲನಶೀಲ ಅಕ್ಷರಶೈಲಿಯ ಉಪಾಯವನ್ನು ಕನ್ನಡಕ್ಕೆ ತಂದವರಲ್ಲಿ ಅವರು ಮೊದಲಿಗರು. ಆದರೆ ವೇಷವನ್ನು ಜೊತೆಗೆ ಕಳುಹಿಸಿದರೂ ಒಳಗಿನ ವ್ಯಕ್ತಿ ಬದಲಾಗುವುದಿಲ್ಲ. ಹುಡುಕುವ ಯಂತ್ರಕ್ಕೆ 'ಕುಕ್ಕುವಾಡ' ಎಂದು ಕೊಟ್ಟರೆ ಅಂಥ ಪುಟ ಅದಕ್ಕೆ ಸಿಗುತ್ತಿರಲಿಲ್ಲ.

2004ರಲ್ಲಿ ನನ್ನ ತಮ್ಮನ ಮಗ ರಜೆಗೆಂದು ಊರಿಗೆ ಬಂದ. ನನ್ನ ಪುಟಗಳನ್ನು ನೋಡಿ, "ದೊಡ್ಡಪ್ಪ, ಈಗ ಯಾರೂ ಹಿಂಗೆ ಕೈಯಾಗೆ ಬರೆಯಲ್ಲ" ಎಂದು ನಗುತ್ತಾ, ಕಂಡಂತೆ ಕಟ್ಟುವ ಒಂದು ತಂತ್ರಾಂಶವನ್ನು ನನ್ನ ಗಣಕಕ್ಕೆ ಹಾಕಿಕೊಟ್ಟ. ಒಂದೇ ಸಂಜೆಯಲ್ಲಿ ಅವನು ಕಟ್ಟಿದ ಪುಟದ ಮುಂದೆ ನನ್ನ ನಾಲ್ಕು ಪುಟಗಳು ಹಳೆಯ ಸುತ್ತೋಲೆಗಳಂತೆ ಕಂಡವು. ತೆಳುಹಸಿರು ಹಿನ್ನೆಲೆ, ಅಂಚಿನಲ್ಲಿ ಬಳ್ಳಿ, ಬದಿಯಲ್ಲಿ ಶಾಲೆಯ ಚಿತ್ರ. ನನಗೂ ಆಸೆಯಾಯಿತು. ಅದೇ ಬೇಸಿಗೆಯಲ್ಲಿ ನಮ್ಮ ಜವಾನರನ್ನು ಹತ್ತಾರು ಸಂಜೆ ಜಗಲಿಯ ಮೇಲೆ ಕೂರಿಸಿಕೊಂಡು ಅವರ ಮಾತುಗಳನ್ನು ಬರೆದುಕೊಂಡಿದ್ದೆ. ಊರಿನ ಬರಗಾಲ, ಭದ್ರಾ ನಾಲೆಯ ನೀರು ಬಂದ ಮೇಲೆ ಹೊಲಗಳು ಗದ್ದೆಗಳಾದ ಬಗೆ, ಶಾಲೆಯ ಹಳೆಯ ಎರಡು ಕೋಣೆಗಳನ್ನು ಊರವರೇ ಕಟ್ಟಿದ ಕಥೆ ಎಲ್ಲವೂ ಅದರಲ್ಲಿತ್ತು. ಆ ಕೋಣೆಗಳ ಗೋಡೆಗೆ ಬುಟ್ಟಿಯಲ್ಲಿ ಮಣ್ಣು ಹೊತ್ತ ಹನ್ನೊಂದು ಮಂದಿ ಹೆಣ್ಣುಮಕ್ಕಳ ಹೆಸರುಗಳನ್ನು ಅವರು ನೆನಪಿನಿಂದ ಒಂದೊಂದಾಗಿ ಹೇಳಿದ್ದರು. ಶಾಲೆಯ ಯಾವ ದಾಖಲೆಯಲ್ಲೂ ಆ ಹೆಸರುಗಳಿಲ್ಲ. "ಅವರ ಹೆಸರು ಬರೀರಿ ಸಾರ್, ದುಡ್ಡು ಕೊಟ್ಟೋರ ಹೆಸರು ಕಲ್ಲಿನ ಮ್ಯಾಲೆ ಐತೆ" ಎಂದಿದ್ದರು. ಆ ಇಡೀ ನಿರೂಪಣೆಯನ್ನು ಹೊಸ ಪುಟಕ್ಕೆ ಹಾಕಿದೆ. ಅವರು 2007ರಲ್ಲಿ ತೀರಿಕೊಂಡರು.

ಈ ನಡುವೆ ಹೊಸದೊಂದು ಕ್ರಮ ಬಂದಿತ್ತು. ಲೋಕದ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿತ್ತು. ಅಲ್ಲಿ 'ಕ' ಎಂಬುದಕ್ಕೆ 3221, 'ನ' ಎಂಬುದಕ್ಕೆ 3240, ವಿರಾಮ ಚಿಹ್ನೆಗೆ 3277, 'ಡ' ಎಂಬುದಕ್ಕೆ 3233. 'ಕನ್ನಡ' ಎಂದರೆ ಕ, ನ, ವಿರಾಮ, ನ, ಡ ಎಂಬ ಐದು ಸಂಖ್ಯೆಗಳು. ಉಚ್ಚಾರಣೆಯ ಕ್ರಮದಲ್ಲಿಯೇ ಬರಹ, ಯಾರ ವೇಷವೂ ಇಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಬಂದಿದ್ದರೂ ಭಾರತೀಯ ಭಾಷೆಗಳ ಸೌಲಭ್ಯವನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಾಗಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಈ ಕ್ರಮದಲ್ಲೇ ಬೆಳೆಯಿತು.

2006ರಲ್ಲಿ ನಾನೂ ಬದಲಾದೆ. ಕೈಯಿಂದ ಬರೆದ ನನ್ನ ನಾಲ್ಕು ಪುಟಗಳನ್ನು ಯೂನಿಕೋಡಿನಲ್ಲಿ ಹೊಸದಾಗಿ ಬೆರಳಚ್ಚು ಮಾಡಿದೆ. ಮೊದಲ ಸಲ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಎಂಬುದನ್ನು ಆರಿಸದೆ ಉಳಿಸಿದ್ದರಿಂದ ಪುಟವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಒಂದು ಮಧ್ಯಾಹ್ನದ ಕೆಲಸ ನೀರಿಗೆ ಹೋಯಿತು. ಎರಡನೆಯ ಸಲ ಸರಿಯಾಯಿತು. ಆದರೆ ಜವಾನರ ಪುಟವನ್ನು ನಾನು ಮುಟ್ಟಲಿಲ್ಲ. ಏಕೆಂದು ಈಗ ಯೋಚಿಸಿದರೆ ಕಾರಣ ಸ್ಪಷ್ಟವಾಗಿದೆ. ಕೈಯಿಂದ ಬರೆದ ಪುಟಗಳಲ್ಲಿ ಆ ಪಿ, ಎ, ಪೌಂಡ್ ಚಿಹ್ನೆಗಳನ್ನು ದಿನವೂ ಕಣ್ಣಾರೆ ಕಂಡು, ಇದು ಕನ್ನಡವಲ್ಲ ಎಂದು ನನಗೆ ತಿಳಿದಿತ್ತು. ತಂತ್ರಾಂಶದಲ್ಲಿ ಕಟ್ಟಿದ ಪುಟ ಮಾತ್ರ ತೆರೆದಾಗಲೆಲ್ಲ ಮುದ್ದಾದ ಕನ್ನಡವನ್ನೇ ತೋರಿಸುತ್ತಿತ್ತು. ಅದರ ಒಳಗೇನಿದೆ ಎಂದು ನೋಡುವ ಪ್ರಸಂಗವೇ ಒದಗಲಿಲ್ಲ. ಚೆನ್ನಾಗಿ ಕಾಣುತ್ತಿದ್ದುದರಿಂದಲೇ ಅದು ಹಾಗೆಯೇ ಉಳಿದುಬಿಟ್ಟಿತು.

2009ರಲ್ಲಿ, ನನ್ನ ಪುಟಗಳಿಗೆ ಉಚಿತವಾಗಿ ಜಾಗ ಕೊಟ್ಟಿದ್ದವರು ಬಾಗಿಲು ಮುಚ್ಚಿದರು. ಎಲ್ಲವನ್ನೂ ಒಂದು ಸಿ.ಡಿ.ಗೂ ಒಂದು ಪೆನ್‌ಡ್ರೈವಿಗೂ ಇಳಿಸಿಕೊಂಡೆ. ಸಿ.ಡಿ. ಕೆಲವೇ ವರ್ಷಗಳಲ್ಲಿ ಓದಲಾಗದಂತಾಯಿತು. ಮೂಲ ನೋಟ್‌ಬುಕ್ಕನ್ನು ಗೆದ್ದಲು ತಿಂದಿತು. 2013ರಲ್ಲಿ ಹೊಸ ಗಣಕ ಕೊಂಡು ಪೆನ್‌ಡ್ರೈವನ್ನು ಹಾಕಿ ನೋಡಿದರೆ ಜವಾನರ ಪುಟದಲ್ಲಿ ಕನ್ನಡದ ಬದಲು ಯುರೋಪಿನ ಅಕ್ಷರಗಳ ಸಂತೆ. ಹಳೆಯ ಅಕ್ಷರಶೈಲಿ ಹೊಸ ಗಣಕದಲ್ಲಿ ಇರಲಿಲ್ಲ, ಅಷ್ಟೆ. ಅದನ್ನು ಅಳವಡಿಸಿದ್ದರೆ ಸಾಕಾಗಿತ್ತು. ನಾನು ಹಾಗೆ ಮಾಡದೆ, ಸರಿಪಡಿಸುವ ಉತ್ಸಾಹದಲ್ಲಿ ಆ ಕಡತವನ್ನು ಸರಳ ಬರಹದ ಒಂದು ತಂತ್ರಾಂಶದಲ್ಲಿ ತೆರೆದೆ. ಉಳಿಸುವಾಗ, ಯಾವ ಸಂಕೇತಕ್ರಮದಲ್ಲಿ ಉಳಿಸಲಿ ಎಂದು ಅದು ಕೇಳಿತು. ಯೂನಿಕೋಡ್ ಅಲ್ಲದ ಹಳೆಯ ನುಡಿಯನ್ನು ನಮ್ಮ ಕಡೆ ಎಲ್ಲರೂ 'ಆಸ್ಕಿ' ಎಂದೇ ಕರೆಯುತ್ತಾರಷ್ಟೆ. ಪಟ್ಟಿಯಲ್ಲಿ ಆಸ್ಕಿ ಎಂದು ಕಂಡಿತು, ಅದನ್ನೇ ಒತ್ತಿದೆ. ಕೆಲವು ಅಕ್ಷರಗಳು ಹೋಗಬಹುದು ಎಂಬ ಎಚ್ಚರಿಕೆ ಬಂದಿತು, ಅದಕ್ಕೂ ಸರಿ ಎಂದೆ.

ನಿಜವಾದ ಆಸ್ಕಿಯಲ್ಲಿ ಇರುವುದು 128 ಸಂಕೇತಗಳು ಮಾತ್ರ. ಇಂಗ್ಲಿಷ್ ಅಕ್ಷರಮಾಲೆ, ಅಂಕಿಗಳು, ಕೆಲವು ಚಿಹ್ನೆಗಳು, ಅಲ್ಲಿಗೆ ಮುಗಿಯಿತು. ಓರೆಗೆರೆಯ ಎ, ಪೌಂಡ್ ಚಿಹ್ನೆ, ಜೋಡಿ ಎಸ್ ಇವು ಯಾವುವೂ ಅದರಲ್ಲಿಲ್ಲ. ನಮ್ಮ 'ಆಸ್ಕಿ ನುಡಿ' ಹೆಸರಿಗೆ ಮಾತ್ರ ಆಸ್ಕಿ, ಅದರ ಅರ್ಧಕ್ಕರ್ಧ ಬದುಕು ಆ 128ರ ಆಚೆಗಿತ್ತು. ಆಚೆಗಿದ್ದುದೆಲ್ಲ ಒಂದೇ ಏಟಿಗೆ ಪ್ರಶ್ನಾರ್ಥಕ ಚಿಹ್ನೆಯಾಯಿತು. 'ಕನ್ನಡ' ಎಂಬುದರಲ್ಲಿ ಉಳಿದದ್ದು ಒಂದು ಪಿ, ನಾಲ್ಕು ಪ್ರಶ್ನೆಗಳು, ಒಂದು ಕ್ಯೂ, ಇನ್ನೊಂದು ಪ್ರಶ್ನೆ. ಮೊದಲೂ ಅರ್ಥವಾಗದ ಅಕ್ಷರಗಳು, ಆಮೇಲೂ ಅರ್ಥವಾಗದ ಅಕ್ಷರಗಳು. ಆದ್ದರಿಂದ ಏನು ಕಳೆದುಕೊಂಡೆನೆಂದು ಅಂದು ನನಗೆ ತಿಳಿಯಲೇ ಇಲ್ಲ. ತಿಳಿದದ್ದು ಕಳೆದ ದೀಪಾವಳಿಯಲ್ಲಿ.

ಆರು ತಿಂಗಳು ಕುಳಿತು ಅದನ್ನು ಬಿಡಿಸಿದೆ. ಶಾಸನದಲ್ಲಿ ಸವೆದುಹೋದ ಸಾಲನ್ನು ಊಹಿಸಿ ಓದುವಂಥ ಕೆಲಸ. 'ಕ'ಕಾರದ ಪಿ, 'ಗ'ಕಾರದ ಯು, 'ಡ'ಕಾರದ ಕ್ಯೂ ಹೀಗೆ ಕೆಲವು ವ್ಯಂಜನಗಳ ಮೂಳೆಗಳು ಮಾತ್ರ ಉಳಿದಿದ್ದವು. ಸ್ವರಗಳ ಮಾಂಸವನ್ನು ನೆನಪಿನಿಂದಲೂ ಸಂದರ್ಭದಿಂದಲೂ ತುಂಬಬೇಕು. ಕಂಡಂತೆ ಕಟ್ಟುವ ತಂತ್ರಾಂಶವು ಒಂದೊಂದು ಪದದ ನಡುವೆಯೂ ಬಣ್ಣ, ಗಾತ್ರ, ಶೈಲಿಯ ಟ್ಯಾಗುಗಳನ್ನು ತುರುಕಿದ್ದುದರಿಂದ ಮೊದಲು ಕಳೆಯನ್ನು ಕಿತ್ತು ಆಮೇಲೆ ಪೈರನ್ನು ಹುಡುಕಬೇಕಾಯಿತು. ಇನ್ನೊಂದು ತೊಡಕು ಅರ್ಕಾವೊತ್ತಿನದು. 'ಕರ್ನಾಟಕ' ಎಂಬಲ್ಲಿ ರಕಾರವನ್ನು ನಾವು ಉಚ್ಚರಿಸುವುದು 'ನಾ' ಅಕ್ಷರಕ್ಕಿಂತ ಮೊದಲು, ಕಣ್ಣಿಗೆ ಕಾಣುವುದು ಅದರ ಆಮೇಲೆ. ಹಳೆಯ ನುಡಿ ಕಂಡ ಕ್ರಮವನ್ನೇ ಬರೆದಿಡುತ್ತಿತ್ತು, ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಬರೆದಿಡುತ್ತದೆ. ಹೀಗಾಗಿ ಅರ್ಕಾವೊತ್ತು ಬಂದಲ್ಲೆಲ್ಲ ಹಿಂದುಮುಂದು ಮಾಡಿ ನೋಡಬೇಕಾಗುತ್ತಿತ್ತು. ಆದರೂ ಆ ಹಿರಿಯರ ಮಾತಿನ ಲಯ ನನ್ನ ಕಿವಿಯಲ್ಲಿತ್ತು. ಬರಗಾಲದ ಕಥೆ ಬಂದಿತು, ನಾಲೆಯ ನೀರಿನ ಕಥೆ ಬಂದಿತು. ಮೊಮ್ಮಗಳಿಗೆ ಹದಿನಾಲ್ಕು ಪುಟಗಳನ್ನು ಕಳುಹಿಸಿದೆ.

ಹೆಸರುಗಳ ವಿಷಯಕ್ಕೆ ಬಂದಾಗ ನನ್ನ ವಿದ್ಯೆ ಮುಗಿಯಿತು. ವಾಕ್ಯದಲ್ಲಿ ಹಿಂದಿನ ಪದವು ಮುಂದಿನ ಪದಕ್ಕೆ ಸಾಕ್ಷಿ ಹೇಳುತ್ತದೆ. ಹೆಸರಿಗೆ ಸಾಕ್ಷಿ ಯಾರು? ಗಂಗಮ್ಮ, ಗೌರಮ್ಮ, ಕೆಂಚಮ್ಮ ಇವರಲ್ಲಿ ಒಂದೆರಡು ವ್ಯಂಜನಗಳಾದರೂ ಉಳಿದಿದ್ದವು. ಊರಿನ ವೃದ್ಧೆಯರನ್ನು ವಿಚಾರಿಸಿ ಎಂಟು ಹೆಸರುಗಳನ್ನು ಖಚಿತಪಡಿಸಿಕೊಂಡೆ. ಉಳಿದ ಮೂರು ಹೆಸರುಗಳ ಜಾಗದಲ್ಲಿ ಒಂದೊಂದಕ್ಕೂ ಏಳೇಳು ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ಇವೆ. ಕುಳಿತು ಲೆಕ್ಕ ಹಾಕಿ ನೋಡಿದೆ. ಹಳೆಯ ನುಡಿಯಲ್ಲಿ ಬಸಮ್ಮ ಎಂದು ಬರೆದರೂ ಏಳು ಚಿಹ್ನೆ, ಹಾಲಮ್ಮ ಎಂದರೂ ಏಳು, ನೀಲಮ್ಮ ಎಂದರೂ ಏಳು. ಏಳೂ ಆ 128ರ ಆಚೆಯವು. ಬೇರೆ ಹೆಸರುಗಳೂ ಆಗಿರಬಹುದು. ಜೀವನದುದ್ದಕ್ಕೂ ಅಜ್ಞಾತ ಪದವನ್ನು ಕಂಡುಹಿಡಿಯಿರಿ ಎಂದು ನಿಮಗೆ ಲೆಕ್ಕ ಕೊಟ್ಟವನು ನಾನು. ಈ ಮೂರು ಅಜ್ಞಾತಗಳಿಗೆ ನನ್ನ ಬಳಿ ಸಮೀಕರಣವಿಲ್ಲ.

ಹಾಗಾದರೆ ಕೈಬರಹವೇ ಮೇಲು, ತಂತ್ರಾಂಶ ಕೀಳು ಎಂದು ಹೇಳುತ್ತೇನೆಯೇ? ಇಲ್ಲ. ಕೈಯಿಂದ ಬರೆದ ನನ್ನ ಮೊದಲ ಪುಟಗಳಲ್ಲೂ ಇದ್ದುದು ವೇಷದ ಕನ್ನಡವೇ. ಪುಟವನ್ನು ಹಾಳು ಮಾಡಿದ್ದೂ ಸರಳ ಬರಹದ ತಂತ್ರಾಂಶದಲ್ಲಿ ಈ ನನ್ನ ಕೈಯೇ. ನನ್ನ ತಮ್ಮನ ಮಗ ತಂದ ತಂತ್ರಾಂಶವಿಲ್ಲದಿದ್ದರೆ ಆ ಹದಿನಾಲ್ಕು ಪುಟಗಳನ್ನು ಒಂದು ಬೇಸಿಗೆಯಲ್ಲಿ ಕಟ್ಟಲು ನನ್ನಿಂದ ಆಗುತ್ತಲೂ ಇರಲಿಲ್ಲ. ಮಗ್ಗಿ ಬಾರದವನಿಗೆ ಕ್ಯಾಲ್ಕುಲೇಟರ್ ಕೊಡಬೇಡಿ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಕ್ಯಾಲ್ಕುಲೇಟರಿನ ಮೇಲೆ ನನಗೆ ದ್ವೇಷವಿರಲಿಲ್ಲ. ಅದು ತಪ್ಪು ಉತ್ತರ ತೋರಿಸಿದಾಗ ಮಗ್ಗಿ ಬಲ್ಲವನಿಗೆ ಮಾತ್ರ ಅನುಮಾನ ಬರುತ್ತದೆ. ಕೈಯಿಂದ ಟ್ಯಾಗು ಬರೆದದ್ದರಿಂದ ನನಗೆ ಆದ ಲಾಭವೂ ಅಷ್ಟೇ: ಒಳಗಿನದನ್ನು ಒಮ್ಮೆಯಾದರೂ ಕಂಡೆ, ಅನುಮಾನ ಬಂದಿತು, ಆ ನಾಲ್ಕು ಪುಟಗಳು ಬದುಕಿದವು. 2006ರಲ್ಲಿ ಬರೆದ ಅವು ಇಂದು ಮೊಮ್ಮಕ್ಕಳ ಮೊಬೈಲಿನಲ್ಲೂ ತೆರೆದುಕೊಳ್ಳುತ್ತವೆ.

ನಿಮ್ಮ ಮನೆಗಳಲ್ಲಿಯೂ ಹಳೆಯ ಕಡತಗಳಿರುತ್ತವೆ. ಮದುವೆಯ ಲಗ್ನಪತ್ರಿಕೆ, ತಂದೆಯವರ ಆತ್ಮಕಥನ, ವಂಶಾವಳಿ, ಹಳೆಯ ನುಡಿಯಲ್ಲೋ ಬರಹದಲ್ಲೋ ಬೆರಳಚ್ಚು ಮಾಡಿಟ್ಟವು. ಅವು ಇನ್ನೂ ಚೆನ್ನಾಗಿ ಕಾಣುತ್ತಿವೆಯೆಂದು ಸುಮ್ಮನಿರಬೇಡಿ. ಮೊದಲು ಮೂಲ ಕಡತದ ಪ್ರತಿಯೊಂದನ್ನು ಬೇರೆಡೆ ತೆಗೆದಿಡಿ, ಆಮೇಲೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ, ಹೆಸರುಗಳನ್ನು ಒಂದೊಂದಾಗಿ ಕಣ್ಣಿಟ್ಟು ಓದಿ ನೋಡಿ. ಕಾಗದದ ಮೇಲೂ ಒಂದು ಪ್ರತಿ ಇರಲಿ. ಗೆದ್ದಲಿಗೆ ಮಾತ್ರ ಎಟುಕದಂತೆ ಇಡಿ.

ಇನ್ನು ನನ್ನ ಬೇಡಿಕೆ. ಕುಕ್ಕುವಾಡದ ಶಾಲೆಯ ಹಳೆಯ ಎರಡು ಕೋಣೆಗಳಿಗೆ ಮಣ್ಣು ಹೊತ್ತವರಲ್ಲಿ ನಿಮ್ಮ ಅಜ್ಜಿಯೋ ಮುತ್ತಜ್ಜಿಯೋ ಇದ್ದರೆಂದು ಮನೆಯಲ್ಲಿ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಕೇಳಿದ್ದರೆ ನನಗೆ ತಿಳಿಸಿ. ಹಬ್ಬಕ್ಕೆ ಊರಿಗೆ ಹೋದಾಗ ಹಿರಿಯರನ್ನು ಒಮ್ಮೆ ಕೇಳಿ. ಪಟ್ಟಿಯಲ್ಲಿ ಮೂರು ಸಾಲುಗಳನ್ನು ಖಾಲಿ ಬಿಟ್ಟುಕೊಂಡು ಕುಳಿತಿದ್ದೇನೆ.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಗಣಿತದ ಮೇಷ್ಟ್ರು